ರಾಗಿ ಕಾಳಿನೊಳಗಿನ ರಾಗಿ ಕಾಳು

ಹೋದ ಭಾನುವಾರ ಬೆಳಿಗ್ಗೆ ಮಂಡ್ಯದ ಒಂದು ಮೈದಾನದ ನಟ್ಟನಡುವೆ ಒಂದೇ ಒಂದು ರಾಗಿ ಕಾಳು ಇಟ್ಟು, ಅಲ್ಲಿಂದ ಎಪ್ಪತ್ತೈದು ಹೆಜ್ಜೆ ಎಣಿಸಿಕೊಂಡು ನಡೆದೆವು. ನಾನು ಮತ್ತು ನನ್ನ ಅಕ್ಕನ ಮಗಳು. ವಾಕಿಂಗ್ ಬಂದಿದ್ದವರೊಬ್ಬರು ನಿಂತು ನೋಡಿದರು. 'ಏನ್ ಸಾರ್, ಸೈಟ್ ಅಳೀತಿದೀರಾ?' ಅಂದರು. ಪರಮಾಣು ಅಳೀತಿದೀವಿ ಅನ್ನೋಕೆ ಬಾಯಿ ಬರಲಿಲ್ಲ. ಸುಮ್ನೆ ನಕ್ಕೆ. ವಾಪಸ್ ಬಂದು ನೋಡಿದರೆ ಕಾಳು ಇಲ್ಲ. ಇಬ್ಬರೂ ಕುಕ್ಕರುಗಾಲಲ್ಲಿ ಕೂತು ಹತ್ತು ನಿಮಿಷ ಹುಡುಕಿದೆವು. ಸಿಗಲೇ ಇಲ್ಲ.

ಇದೆಲ್ಲ ಶುರುವಾಗಿದ್ದು ಅವಳ ವಿಜ್ಞಾನದ ಪುಸ್ತಕದಿಂದ. ಪರಮಾಣುವಿನ ಗಾತ್ರ ಹತ್ತರ ಮೇಲೆ ಮೈನಸ್ ಹತ್ತು ಮೀಟರ್. ಅದರ ಒಳಗಿನ ನ್ಯೂಕ್ಲಿಯಸ್ಸಿನದು ಹತ್ತರ ಮೇಲೆ ಮೈನಸ್ ಹದಿನೈದು. 'ಎರಡೂ ಕಣ್ಣಿಗೆ ಕಾಣಲ್ಲ ಮಾವ, ಹತ್ತಾದ್ರೇನು ಹದಿನೈದಾದ್ರೇನು?' ಅಂದಳು. ಪರೀಕ್ಷೆಯಲ್ಲಿ ಸೊನ್ನೆಗಳನ್ನು ತಪ್ಪಿಲ್ಲದೆ ಬರೆಯುತ್ತಾಳೆ. ಆ ಸೊನ್ನೆಗಳು ಎಷ್ಟು ದೂರ ಕರೆದೊಯ್ಯುತ್ತವೆ ಅನ್ನೋದು ಮಾತ್ರ ಗೊತ್ತಿಲ್ಲ. ಅವಳನ್ನೇಕೆ ಅನ್ನಬೇಕು, ಪೆನ್ನು ಪೇಪರು ಹಿಡಿದು ಕೂರುವವರೆಗೆ ನನಗೂ ಗೊತ್ತಿರಲಿಲ್ಲ.

ಚಿಕ್ಕದನ್ನು ಹೇಳೋಕೆ ನಮ್ಮಲ್ಲಿ ಮಾತಿಗೇನೂ ಬರವಿಲ್ಲ. ಗುಲಗಂಜಿಯಷ್ಟು, ಸಾಸಿವೆಯಷ್ಟು, ಎಳ್ಳಷ್ಟು, ಕೂದಲೆಳೆಯಷ್ಟು. ಕೂದಲಿಗೆ ಬಂದ ಮೇಲೆ ಮಾತು ನಿಂತುಬಿಡುತ್ತದೆ. ಕಣ್ಣೂ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಅದಕ್ಕಿಂತ ಚಿಕ್ಕದಕ್ಕೆಲ್ಲ 'ಅಣು' ಅಂದು ಕೈತೊಳೆದುಕೊಳ್ಳುತ್ತೇವೆ. ಶಾಲೆಯಲ್ಲಿ ಅಣು ಬೇರೆ, ಪರಮಾಣು ಬೇರೆ. ಪರಮಾಣುಗಳು ಕೂಡಿದರೆ ಅಣು. ಆದರೆ ಒಡೆಯುವುದು ಪರಮಾಣುವಿನ ನ್ಯೂಕ್ಲಿಯಸ್ ಆದರೂ ನಮಗೆ ಅದು ಅಣುಬಾಂಬೇ.

ಕೂದಲಿನಿಂದ ಕೆಳಕ್ಕೆ ಬೇಗ ಬೇಗ ಇಳಿದುಬಿಡೋಣ. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ, ಅಂದರೆ ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಏಳು ಪಾಲು. ಗೂಡಿನಿಂದ ಬಿಚ್ಚಿದ ರೇಷ್ಮೆಯ ಒಂಟಿ ಎಳೆ ಹತ್ತಿಪ್ಪತ್ತು ಮೈಕ್ರಾನ್. ರಕ್ತದ ಕೆಂಪು ಕಣ 7-8 ಮೈಕ್ರಾನ್ ಅಗಲ. ಹಾಲನ್ನು ಮೊಸರು ಮಾಡುವ ಕಡ್ಡಿಯಂಥ ಬ್ಯಾಕ್ಟೀರಿಯಾ ಒಂದು 3 ಮೈಕ್ರಾನ್ ಉದ್ದ ಅನ್ನೋಣ. ಕೊರೊನಾ ವೈರಸ್ ಒಂದು ಮೈಕ್ರಾನಿನ ಹತ್ತನೇ ಒಂದು ಪಾಲು. ಶಾಲೆಯ ಮೈಕ್ರೋಸ್ಕೋಪಿನಲ್ಲಿ ಬ್ಯಾಕ್ಟೀರಿಯಾ ಕಾಣುತ್ತದೆ, ಕೊರೊನಾ ಕಾಣುವುದಿಲ್ಲ. ಮಸೂರ ಸರಿಯಿಲ್ಲ ಅಂತಲ್ಲ. ನಾವು ನೋಡುವ ಬೆಳಕಿನ ಅಲೆಯೇ ಮೈಕ್ರಾನಿನ ಅರ್ಧದಷ್ಟು ಉದ್ದ ಇದೆ. ಅದಕ್ಕಿಂತ ತುಂಬ ಚಿಕ್ಕದನ್ನು ಆ ಬೆಳಕಿನಿಂದ ಬಿಡಿಸಿ ನೋಡೋಕಾಗಲ್ಲ. ಹಾರೆಯಿಂದ ಎಳ್ಳು ಆರಿಸಿದ ಹಾಗೆ.

ಮುಂದಿನ ಮೆಟ್ಟಿಲು ಅಣು. ಇಲ್ಲಿ ಸ್ವಲ್ಪ ನಿಲ್ಲಬೇಕು. ಮಂಡ್ಯದವರಿಗೆ ಸಕ್ಕರೆ ಮತ್ತು ಕನ್ನಂಬಾಡಿ ಕಟ್ಟೆ, ಈ ಎರಡರ ಮೇಲೆ ಲೆಕ್ಕ ಹಾಕಿದರೆ ಬೇಗ ತಲೆಗೆ ಹೋಗುತ್ತೆ. ಮಳೆಗಾಲದಲ್ಲಿ ಇಲ್ಲಿ ಬೆಳಿಗ್ಗೆ ಎದ್ದು ಕೇಳುವ ಮೊದಲ ಪ್ರಶ್ನೆ ಕಟ್ಟೆ ಎಷ್ಟಡಿ ಅಂತ. 124.80 ಅಡಿ ಅಂದರೆ ಭರ್ತಿ. ಆಗ ಅದರಲ್ಲಿರುವುದು 49.45 ಟಿಎಂಸಿ ನೀರು. ಲೀಟರಿನಲ್ಲಿ ಹೇಳಿದರೆ ಸುಮಾರು 1.4 ಲಕ್ಷ ಕೋಟಿ. ಬಜೆಟ್ ಸುದ್ದಿಯಲ್ಲಿ ಬಿಟ್ಟರೆ ಇಂಥ ಅಂಕಿ ನಮ್ಮ ಕಿವಿಗೆ ಬೀಳುವುದೇ ಕಡಿಮೆ.

ಈಗ ಸಕ್ಕರೆ ಡಬ್ಬಿಯಿಂದ ಒಂದು ಹರಳು ತೆಗೆಯಿರಿ. ಚಮಚ ಅಲ್ಲ, ಒಂದೇ ಒಂದು ಹರಳು. ಅರ್ಧ ಮಿಲಿಗ್ರಾಂ ತೂಕ ಅಂತಿಟ್ಟುಕೊಳ್ಳೋಣ. ಅದನ್ನು ತುಂಬಿದ ಕಟ್ಟೆಗೆ ಹಾಕಿ. ಅದು ಕರಗಿ, ಇಡೀ ಕಟ್ಟೆಯ ನೀರಿನಲ್ಲಿ ಒಂದೇ ಸಮ ಬೆರೆಯಿತು ಅಂದುಕೊಳ್ಳಿ. ಆಮೇಲೆ ಯಾವುದೇ ಮೂಲೆಯಿಂದ ಒಂದು ಲೋಟ ನೀರು ಮೊಗೆಯಿರಿ. ಆ ಲೋಟದಲ್ಲಿ ನಿಮ್ಮ ಹರಳಿನ ಸಕ್ಕರೆ ಅಣುಗಳು ಎಷ್ಟಿರಬಹುದು?

ನಮ್ಮ ಹುಡುಗಿ 'ಸೊನ್ನೆ' ಅಂದಳು. ನಾನೂ ಅದನ್ನೇ ಅಂದುಕೊಂಡಿದ್ದೆ. ಲೆಕ್ಕ ಹಾಕಿದರೆ ಒಂದು ಲಕ್ಷಕ್ಕಿಂತ ಜಾಸ್ತಿ! 342 ಗ್ರಾಂ ಸಕ್ಕರೆಯಲ್ಲಿ ಎಷ್ಟು ಅಣು ಇರುತ್ತವೆ ಅನ್ನುವುದು ಪಿಯುಸಿ ಪುಸ್ತಕದಲ್ಲೇ ಇದೆ, ಆವೊಗಾಡ್ರೊ ಸಂಖ್ಯೆ ಅಂತ. ಅದರಿಂದ ಭಾಗಿಸುತ್ತ ಬಂದರೆ ಸಾಕು. ನಿಮ್ಮ ಒಂದು ಹರಳಿನಲ್ಲಿರುವ ಅಣುಗಳನ್ನು ಸೆಕೆಂಡಿಗೆ ಒಂದರಂತೆ ಎಣಿಸುತ್ತ ಕೂತರೆ, ವಿಶ್ವ ಹುಟ್ಟಿ ಈವರೆಗೆ ಕಳೆದಿರುವ 1380 ಕೋಟಿ ವರ್ಷವೂ ಸಾಲದು. ಅದರ ಎರಡರಷ್ಟು ಬೇಕು. ಕಾಫಿಗೆ ಸಕ್ಕರೆ ಕಮ್ಮಿ ಅನ್ನುವಾಗ ಇದು ಒಮ್ಮೆ ನೆನಪಾಗಲಿ.

ಆ ಸಕ್ಕರೆಯ ಅಣುವಿನ ಅಗಲ ಸುಮಾರು ಒಂದು ನ್ಯಾನೊಮೀಟರ್, ಮೈಕ್ರಾನಿನ ಸಾವಿರದ ಒಂದು ಪಾಲು. ಪರಮಾಣು ಅದಕ್ಕಿಂತಲೂ ಚಿಕ್ಕದು. ಇಲ್ಲಿಗೆ ಬರುವಷ್ಟರಲ್ಲಿ ಹುಡುಗಿಗೆ ಮತ್ತೆ ಸೊನ್ನೆಗಳ ಕಾಟ ಶುರುವಾಯಿತು. ಪಕ್ಕದಲ್ಲಿ ಅವ್ವ ಮೊರ ಹಿಡಿದು ರಾಗಿ ಕೇರುತ್ತಿದ್ದಳು. ಒಂದು ಕಾಳು ಹಾರಿ ಪುಸ್ತಕದ ಮೇಲೆ ಬಿತ್ತು. ಅಳತೆಗೋಲು ಸಿಕ್ಕಿತು. ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ನಂಟು ಬೆಳೆಸಿ ಇಂಡಾಫ್ ತಳಿಗಳನ್ನು ಕೊಟ್ಟ ಊರು ಇದು. ಇಲ್ಲಿ ಬೇರೆ ಅಳತೆಗೋಲು ಹುಡುಕೋದೇ ತಪ್ಪು.

ರಾಗಿ ಕಾಳು ಒಂದರಿಂದ ಎರಡು ಮಿಲಿಮೀಟರ್ ಇರುತ್ತದೆ. 1.7 ಅಂತಿಟ್ಟುಕೊಳ್ಳೋಣ. ಯಾಕೆ 1.7? ಹೈಡ್ರೋಜನ್ ಪರಮಾಣುವಿನ ನ್ಯೂಕ್ಲಿಯಸ್ ಅಂದರೆ ಒಂದೇ ಒಂದು ಪ್ರೋಟಾನ್. ಅದರ ಅಗಲ ಸುಮಾರು 1.7 ಫೆಮ್ಟೊಮೀಟರ್. ಮಿಲಿಮೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಫೆಮ್ಟೊಮೀಟರ್. ಹಾಗಾಗಿ ಪ್ರಪಂಚವನ್ನು ಲಕ್ಷ ಕೋಟಿ ಪಟ್ಟು ಹಿಗ್ಗಿಸಿದರೆ ಪ್ರೋಟಾನ್ ಸರಿಯಾಗಿ ಒಂದು ರಾಗಿ ಕಾಳಾಗುತ್ತದೆ.

ಈಗ ಉಳಿದದ್ದೆಲ್ಲ ಎಷ್ಟೆಷ್ಟಾಗುತ್ತದೆ ನೋಡಿ. ಹೈಡ್ರೋಜನ್ ಪರಮಾಣು 106 ಮೀಟರ್ ಅಗಲವಾಗುತ್ತದೆ. ನಾವು ಮೈದಾನದಲ್ಲಿ ನಡೆದ ಎಪ್ಪತ್ತೈದು ಹೆಜ್ಜೆ ಅದರ ಅರ್ಧ. ಮೈಸೂರು ಅರಮನೆಯ 245 ಅಡಿ ಉದ್ದ ಅದರೊಳಗೆ ಆರಾಮಾಗಿ ಹಿಡಿಸುತ್ತದೆ. ನೀರಿನ ಅಣು ಹತ್ತಿರ ಹತ್ತಿರ ಚಾಮುಂಡಿ ಬೆಟ್ಟ ಊರಿನಿಂದ ಎದ್ದು ನಿಂತಷ್ಟು. ಸಕ್ಕರೆಯ ಅಣು ಒಂದು ಕಿಲೋಮೀಟರ್. ಡಿಎನ್‌ಎ ದಾರದ ದಪ್ಪ ಎರಡು ಕಿಲೋಮೀಟರ್, ಕನ್ನಂಬಾಡಿ ಕಟ್ಟೆಯ ಉದ್ದಕ್ಕಿಂತ ಸ್ವಲ್ಪ ಕಮ್ಮಿ. ಕೊರೊನಾ ವೈರಸ್ ಮಂಡ್ಯದಿಂದ ಬೆಂಗಳೂರಿನವರೆಗೆ. ಮೊಸರಿನ ಬ್ಯಾಕ್ಟೀರಿಯಾ ಕಾಶ್ಮೀರದಿಂದ ಕನ್ಯಾಕುಮಾರಿ. ರಕ್ತದ ಕಣ ಭೂಮಿಯ ಅರ್ಧಕ್ಕಿಂತ ದೊಡ್ಡದು. ಕೂದಲಿನ ದಪ್ಪದಲ್ಲಿ ಐದು ಭೂಮಿ ಸಾಲಾಗಿ ನಿಲ್ಲಬಹುದು.

ಇನ್ನು ರಾಗಿ ಕಾಳು? 17 ಲಕ್ಷ ಕಿಲೋಮೀಟರ್. ಸೂರ್ಯನ ಅಗಲ 13.9 ಲಕ್ಷ ಕಿಲೋಮೀಟರ್.

ಇದನ್ನು ಬರೆದಾಗ ನಾನೇ ಎರಡು ಸಲ ಗುಣಿಸಿ ನೋಡಿದೆ. ರಾಗಿಯ ಪಿಷ್ಟದಲ್ಲಿ ಹೈಡ್ರೋಜನ್ ಇದೆ. ಆ ಹೈಡ್ರೋಜನ್ನಿನ ಪ್ರೋಟಾನ್ ರಾಗಿ ಕಾಳಿನಷ್ಟಾಗಬೇಕಾದರೆ ರಾಗಿ ಕಾಳು ಸೂರ್ಯನನ್ನೂ ಮೀರಬೇಕು. ಅವ್ವನಿಗೆ ಇದನ್ನು ಹೇಳಿದೆ. 'ಅಂಗಾದ್ರೆ ಮುದ್ದೆ ಎಷ್ಟಾಯ್ತದೆ?' ಅಂದಳು. ಹತ್ತು ಸೆಂಟಿಮೀಟರ್ ಮುದ್ದೆ ಹತ್ತು ಕೋಟಿ ಕಿಲೋಮೀಟರ್. ಇಲ್ಲಿಂದ ಸೂರ್ಯನಿಗೆ ಇರುವುದೇ ಹದಿನೈದು ಕೋಟಿ. 'ಅಷ್ಟ್ ದೊಡ್ ಮುದ್ದೆಗೆ ಸಾರ್ ಎಲ್ಲಿಂದ ತರ್ತೀಯಪ್ಪ?' ಅಂದು ಮತ್ತೆ ಮೊರ ಎತ್ತಿಕೊಂಡಳು.

ನನಗೆ ಹಿಡಿಸಿದ್ದು ಈ ದೊಡ್ಡ ದೊಡ್ಡ ಅಂಕಿಗಳಲ್ಲ. ಮೆಟ್ಟಿಲುಗಳು ಒಂದೇ ಸಮ ಇಲ್ಲ ಅನ್ನೋದು. ರಾಗಿ ಕಾಳಿನಿಂದ ಅರವತ್ತು ಸಾವಿರ ಪಟ್ಟು ಕೆಳಗಿಳಿದರೆ ಪೋಲಿಯೊ ವೈರಸ್ ಸಿಗುತ್ತದೆ. ಅಲ್ಲಿಗೆ ಹೋಗುವ ದಾರಿ ಸಂತೆಯಂತೆ ತುಂಬಿದೆ. ಧೂಳು, ಕೂದಲು, ರೇಷ್ಮೆ ಎಳೆ, ರಕ್ತದ ಕಣ, ಇಡ್ಲಿ ಹಿಟ್ಟು ಉಬ್ಬಿಸುವ ಜೀವಿಗಳು, ನಾನಾ ನಮೂನೆಯ ವೈರಸ್. ಹೈಡ್ರೋಜನ್ ಪರಮಾಣುವಿನಿಂದ ಅದರ ನ್ಯೂಕ್ಲಿಯಸ್ಸಿಗೆ ಇಳಿಯಬೇಕಾದರೂ ಅಷ್ಟೇ ಅರವತ್ತು ಸಾವಿರ ಪಟ್ಟು ಇಳಿಯಬೇಕು. ಈ ದಾರಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ನಡುವಿನ ಗಾತ್ರದ ಒಂದು ವಸ್ತುವೂ ಸಿಗುವುದಿಲ್ಲ. ಮೈದಾನ ಆದಮೇಲೆ ನೇರ ರಾಗಿ ಕಾಳು. ಹುಡುಗಿ ಕೇಳಿದ 'ಹತ್ತಾದ್ರೇನು ಹದಿನೈದಾದ್ರೇನು' ಅನ್ನುವುದಕ್ಕೆ ಉತ್ತರ ಇದೇ.

ಈ ಬಯಲು ಗೊತ್ತಾಗಿದ್ದು ಚಿನ್ನದ ರೇಕಿನಿಂದ. ಮೈಸೂರು ಶೈಲಿಯ ಚಿತ್ರಗಳಲ್ಲಿ ದೇವರ ಕಿರೀಟಕ್ಕೆ ಅಂಟಿಸುತ್ತಾರಲ್ಲ, ಅಂಥದ್ದೇ ರೇಕು. ಚಿನ್ನವನ್ನು ಬಡಿದು ಬಡಿದು ಮೈಕ್ರಾನಿನ ಹತ್ತನೇ ಒಂದು ಪಾಲಿಗೆ ತರಬಹುದು. ಅಷ್ಟು ತೆಳುವಿನಲ್ಲೂ ಸುಮಾರು 350 ಚಿನ್ನದ ಪರಮಾಣುಗಳು ಒಂದರ ಹಿಂದೊಂದು ನಿಂತಿರುತ್ತವೆ. 1909ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ರುದರ್‌ಫೋರ್ಡ್ ಅವರ ಪ್ರಯೋಗಶಾಲೆಯಲ್ಲಿ ಗೈಗರ್ ಮತ್ತು ಇಪ್ಪತ್ತರ ಹುಡುಗ ಮಾರ್ಸ್‌ಡೆನ್ ತೆಳು ಲೋಹದ ಹಾಳೆಗಳ ಮೇಲೆ ಆಲ್ಫಾ ಕಣಗಳನ್ನು, ಅಂದರೆ ಹೀಲಿಯಂ ನ್ಯೂಕ್ಲಿಯಸ್ಸುಗಳನ್ನು, ಹಾರಿಸಿದರು. ಹೆಚ್ಚಿನವು ಅಡ್ಡಿಯೇ ಇಲ್ಲದಂತೆ ಆಚೆ ಹೋದವು. ಸಾವಿರಾರರಲ್ಲಿ ಒಂದು ಮಾತ್ರ ಗೋಡೆಗೆ ಬಡಿದ ಚೆಂಡಿನಂತೆ ಹಿಂದಕ್ಕೆ ಬಂತು.

ನಮ್ಮ ಲೆಕ್ಕದಲ್ಲಿ ನೋಡಿ. ಚಿನ್ನದ ಪರಮಾಣು 290 ಮೀಟರಿನ ಮೈದಾನ, ಅದರ ನ್ಯೂಕ್ಲಿಯಸ್ 14 ಮಿಲಿಮೀಟರ್, ಅಂದರೆ ಮಕ್ಕಳಾಡುವ ಗೋಲಿ. ಆಲ್ಫಾ ಕಣ ಹೆಸರುಕಾಳು. ಸಾಲಾಗಿ 350 ಮೈದಾನ, ಒಂದೊಂದರಲ್ಲೂ ಒಂದೊಂದು ಗೋಲಿ. ಒಂದು ಹೆಸರುಕಾಳನ್ನು ಕಣ್ಣುಮುಚ್ಚಿ ಎಸೆದರೆ ಗೋಲಿಯ ಹತ್ತಿರ ಹೋಗುವುದೇ ಅಪರೂಪ. ಹೋದದ್ದನ್ನು ಗೋಲಿಯ ವಿದ್ಯುತ್ತು ದೂರ ತಳ್ಳುತ್ತದೆ. ಹಿಂದಕ್ಕೆ ಬಂದ ಆ ಕೆಲವನ್ನು ಇಟ್ಟುಕೊಂಡು ಪರಮಾಣುವಿನ ನಡುವೆ ಗಟ್ಟಿಯಾದ, ಬಲು ಚಿಕ್ಕದಾದ ಒಂದು ವಸ್ತು ಇದೆ ಎಂದು ರುದರ್‌ಫೋರ್ಡ್ 1911ರಲ್ಲಿ ಹೇಳಿದರು. ನಮಗೆ ಮೈದಾನದಲ್ಲಿ ಇಟ್ಟ ಕಾಳೇ ಸಿಗಲಿಲ್ಲ. ಅವರು ನೋಡದೆಯೇ ಹುಡುಕಿದರು.

ಪರಮಾಣುವಿನ ತೂಕ ಹೆಚ್ಚುಕಡಿಮೆ ಪೂರ್ತಿ ಆ ಗೋಲಿಯಲ್ಲೇ ಇದೆ. ಹಿಗ್ಗಿಸುವ ಆಟ ಬಿಟ್ಟು, ನಿಜವಾದ ನ್ಯೂಕ್ಲಿಯಸ್ಸುಗಳನ್ನೇ ಒತ್ತೊತ್ತಾಗಿ ತುಂಬಿ ಒಂದು ರಾಗಿ ಕಾಳಿನಷ್ಟು ಮಾಡಿದರೆ ಅದರ ತೂಕ ಐದಾರು ಲಕ್ಷ ಟನ್. ಇಪ್ಪತ್ತು ಟನ್ ಹೊರುವ ಕಬ್ಬಿನ ಲಾರಿ ಆದರೆ ಮೂವತ್ತು ಸಾವಿರ ಲಾರಿ ಬೇಕು. ಫ್ಯಾಕ್ಟರಿ ಮುಂದೆ ಸೀಸನ್ನಿನಲ್ಲಿ ನಿಲ್ಲುವ ಕ್ಯೂ ನೋಡಿದವರು ಊಹಿಸಿಕೊಳ್ಳಬಹುದು.

ಪ್ರೋಟಾನಿನ ಅಗಲದ ಬಗ್ಗೆಯೂ ಒಂದು ತಕರಾರು ಎದ್ದಿತ್ತು. 2010ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹೊಸ ರೀತಿಯಲ್ಲಿ ಅಳೆದಾಗ ಅದು ಅಂದುಕೊಂಡಿದ್ದಕ್ಕಿಂತ ಶೇಕಡಾ ನಾಲ್ಕು ಚಿಕ್ಕದು ಅಂತ ಬಂತು. ವರ್ಷಗಟ್ಟಲೆ ವಾದ ನಡೆಯಿತು. ನಮ್ಮ ರಾಗಿ ಕಾಳಿನಲ್ಲಿ ಶೇಕಡಾ ನಾಲ್ಕು ಅಂದರೆ 0.07 ಮಿಲಿಮೀಟರ್. ಜಗಳ ನಿಜಕ್ಕೂ ಕೂದಲೆಳೆಯಷ್ಟರದ್ದು!

'ಎಲೆಕ್ಟ್ರಾನ್ ಎಲ್ಲಿಡೋದು ಮಾವ?' ಅಂತ ಹುಡುಗಿ ಮೈದಾನದಲ್ಲೇ ಕೇಳಿದ್ದಳು. ಅವಳ ಪುಸ್ತಕದಲ್ಲಿ ಅದು ನ್ಯೂಕ್ಲಿಯಸ್ಸಿನ ಸುತ್ತ ಗ್ರಹದಂತೆ ಸುತ್ತುವ ಚುಕ್ಕಿ. ಎಲೆಕ್ಟ್ರಾನಿಗೆ ಗಾತ್ರ ಅಂತ ಒಂದು ಇದ್ದರೆ ಅದು ಫೆಮ್ಟೊಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಚಿಕ್ಕದು ಎಂದು ಪ್ರಯೋಗಗಳು ಹೇಳುತ್ತವೆ. ರಾಗಿ ಕಾಳನ್ನು ಸೂರ್ಯನಿಗಿಂತ ದೊಡ್ಡದು ಮಾಡಿದರೂ ಎಲೆಕ್ಟ್ರಾನ್ ಒಂದು ಮೈಕ್ರಾನಿಗಿಂತ ಚಿಕ್ಕದಾಗಿಯೇ ಉಳಿಯುತ್ತದೆ. ಆಗಲೂ ಕಣ್ಣಿಗೆ ಕಾಣದು. ಆದರೂ ಪರಮಾಣು ಬರೀ ಖಾಲಿ ಅನ್ನುವ ಮಾತು ನನಗೆ ಅಷ್ಟು ಒಪ್ಪಿಗೆಯಿಲ್ಲ. ಎಲೆಕ್ಟ್ರಾನ್ ಒಂದು ಕಡೆ ಕೂತಿರುವುದಿಲ್ಲ. ಬೆಳಗಿನ ಮಂಜಿನಂತೆ ಮೈದಾನದ ತುಂಬ ಹರಡಿರುತ್ತದೆ. ಮೈದಾನದ ಅಂಚನ್ನು ಹಾಕಿಕೊಡುವುದೇ ಅದು. ಮಣೆಯ ಮೇಲೆ ಕೂತರೆ ನಾವು ಕೆಳಗೆ ಇಳಿದು ಹೋಗದಿರುವುದು ಈ ಮಂಜು ಇನ್ನೊಂದು ಮಂಜನ್ನು ತನ್ನೊಳಗೆ ಬಿಟ್ಟುಕೊಳ್ಳದೆ ಇರುವುದರಿಂದ.

'ಹಾಗಾದ್ರೆ ಇಡೋದೇ ಬೇಡ, ನಾವು ನಡೆದಿದ್ದೇ ಎಲೆಕ್ಟ್ರಾನ್ ಒಳಗೆ' ಅಂದಳು. ಹೌದು ಅಂದೆ. ಸ್ವಲ್ಪ ಹೊತ್ತು ಬಿಟ್ಟು, 'ಮುಂದಿನ ವಾರ ಚಿನ್ನ ಮಾಡೋಣ ಮಾವ. ಗೋಲಿ ಆದ್ರೆ ಕಳೆದುಹೋಗಲ್ಲ' ಅಂದಳು. ಅದಕ್ಕೆ 290 ಮೀಟರ್ ಜಾಗ ಬೇಕು. ಮೈಸೂರಿನ ರೇಸ್ ಕೋರ್ಸಿನಲ್ಲಿ ಅಷ್ಟು ಸಿಗುತ್ತೆ. ಗೋಲಿ ಹಿಡಿದು ಹೋದರೆ ಒಳಗೆ ಬಿಡುತ್ತಾರೋ ಇಲ್ಲವೋ ಕೇಳಿ ನೋಡಬೇಕು.