ಮನೆ ಪಕ್ಕದ ಹೊಲದಲ್ಲಿ ಫ್ಯಾಕ್ಟರಿ ಬಂದರೆ ಕೇಳುವವರು ಯಾರು?

ಓದುಗರ ಪ್ರಶ್ನೆ: ದಾವಣಗೆರೆ ಹೊರವಲಯದ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡಿದ್ದೇವೆ. ಪಕ್ಕದಲ್ಲೇ ಮೆಕ್ಕೆಜೋಳದ ಹೊಲ ಇದೆ. ಈಗ ಅಲ್ಲಿ ಫ್ಯಾಕ್ಟರಿ ಬರುತ್ತದಂತೆ. ಹೊಲದಲ್ಲಿ ಹೀಗೆಲ್ಲ ಕಟ್ಟಬಹುದಾ? ನಾವು ತಡೆಯಬಹುದಾ?

ಉತ್ತರ: ಮೊದಲು ಆ ಹೊಲದ ಸರ್ವೆ ನಂಬರ್ ಹಿಡಿದುಕೊಂಡು ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ, ಅಂದರೆ ನಾವೆಲ್ಲ ದೂಡಾ ಅನ್ನುವ ಕಚೇರಿಗೆ ಹೋಗಿ. ಅಲ್ಲಿನ ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ಆ ಜಾಗಕ್ಕೆ ಯಾವ ಬಣ್ಣ ಇದೆ ನೋಡಿ. ಸಾಮಾನ್ಯವಾಗಿ ಹಳದಿ ಅಂದರೆ ವಸತಿ, ನೀಲಿ ಅಂದರೆ ವಾಣಿಜ್ಯ, ನೇರಳೆ ಅಂದರೆ ಕೈಗಾರಿಕೆ. ಇವತ್ತು ಅಲ್ಲಿ ಮೆಕ್ಕೆಜೋಳ ಬೆಳೆದಿದೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ನಕ್ಷೆಯಲ್ಲಿ ಅದು ಮೊದಲೇ ನೇರಳೆ ಆಗಿದ್ದರೆ, 'ಇಲ್ಲಿ ಫ್ಯಾಕ್ಟರಿಯೇ ಬೇಡ' ಅನ್ನುವ ವಾದಕ್ಕೆ ಬಲ ಕಡಿಮೆ. ಕೇಳೋಕೆ ಬೇಜಾರು, ಆದರೆ ನಮ್ಮಲ್ಲಿ ಸೈಟು ಕೊಳ್ಳುವವರು ಸ್ವಂತ ಸೈಟಿನ ಕಾಗದವನ್ನು ಹತ್ತು ಸಲ ತಿರುವಿ ನೋಡುತ್ತಾರೆ, ಪಕ್ಕದ ಸರ್ವೆ ನಂಬರಿನ ಗೋಜಿಗೇ ಹೋಗುವುದಿಲ್ಲ.

ದಾವಣಗೆರೆಯಲ್ಲಿ ಮನೆ ಮತ್ತು ಕೈಗಾರಿಕೆ ಅಂಟಿಕೊಂಡೇ ಇರುವುದಕ್ಕೆ ಕಾರಣವೂ ಇದೆ. ಇದು ಹತ್ತಿ ಗಿರಣಿಗಳ ಸುತ್ತ ಬೆಳೆದ ಊರು. ಕೆಲಸ ಎಲ್ಲೋ ಮನೆ ಅಲ್ಲೇ ಅನ್ನುವ ಕಾಲ ಅದು. ಮಂಡಕ್ಕಿ ಭಟ್ಟಿಗಳ ಹೊಗೆಯನ್ನೂ ಅಲ್ಲಿ ದುಡಿಯುವವರೇ ಮೊದಲು ಕುಡಿದರು. ನಕ್ಷೆ, ಬಣ್ಣ ಎಲ್ಲ ಬಂದದ್ದು ಆಮೇಲೆ. ಇಲ್ಲಿನ ಕರೂರಿನಂತೆ ಕೈಗಾರಿಕೆಗೆಂದೇ ಬೇರೆ ಜಾಗ ಮಾಡಿದರೂ ಊರು ಅಲ್ಲಿಯವರೆಗೆ ನಡೆದುಕೊಂಡು ಹೋಗುತ್ತದೆ. ಹಾಗಾಗಿ ಕೆಲವು ಕಡೆ ಫ್ಯಾಕ್ಟರಿ ಮನೆಯ ಪಕ್ಕ ಬಂದಿಲ್ಲ, ಮನೆಯೇ ಫ್ಯಾಕ್ಟರಿಯ ಪಕ್ಕ ಬಂದಿದೆ.

ಹೊಲ ನಕ್ಷೆಯಲ್ಲಿ ಕೃಷಿ ಅಥವಾ ವಸತಿ ಅಂತಲೇ ಇದ್ದರೆ ನಿಮಗೆ ಅವಕಾಶ ಇದೆ. ಆಗ ಜಮೀನಿನವರು ಭೂ ಬಳಕೆ ಬದಲಾವಣೆಗೆ ಅರ್ಜಿ ಹಾಕಬೇಕು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ಇದಕ್ಕೇ ಇರುವುದು. ದೂಡಾ ತಾನೊಬ್ಬನೇ ಬದಲಾಯಿಸುವಂತಿಲ್ಲ, ಸರ್ಕಾರದ ಒಪ್ಪಿಗೆ ಬೇಕು. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿಯೇ ಇರಬೇಕು. ಅದಕ್ಕಿಂತ ಮುಖ್ಯವಾಗಿ, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆಗೆ ಕನಿಷ್ಠ 15 ದಿನ ಬಿಡಬೇಕು.

ಇಡೀ ವಿಷಯ ನಿಂತಿರುವುದು ಈ 15 ದಿನದ ಮೇಲೆ. ಆ ಪ್ರಕಟಣೆ ಟೆಂಡರ್ ಜಾಹೀರಾತುಗಳ ನಡುವೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಸರ್ವೆ ನಂಬರ್, ಎಕರೆ-ಗುಂಟೆ ಬಿಟ್ಟರೆ ಜಾಸ್ತಿ ಏನೂ ಇರುವುದಿಲ್ಲ. ಜೆಸಿಬಿ ಬಂದ ದಿನ ಜನ ಸೇರುತ್ತಾರೆ, ಅಷ್ಟು ಹೊತ್ತಿಗೆ ಗಡುವು ಮುಗಿದು ತಿಂಗಳುಗಳೇ ಆಗಿರುತ್ತವೆ. ಬಡಾವಣೆಯ ಸಂಘದಲ್ಲಿ ಒಬ್ಬರಿಗೆ ಸ್ಥಳೀಯ ಪತ್ರಿಕೆಗಳ ಪ್ರಕಟಣೆ ನೋಡುವ ಕೆಲಸ ಒಪ್ಪಿಸಿ. ನಿವೃತ್ತ ಮೇಷ್ಟ್ರು ಇದ್ದರೆ ಇನ್ನೂ ಒಳ್ಳೆಯದು, ಅವರು ಹೇಗೂ ಪೂರ್ತಿ ಪೇಪರ್ ಓದುತ್ತಾರೆ.

ಆಕ್ಷೇಪಣೆಯನ್ನು ಬರೆದು ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. 'ನಮಗೆ ತೊಂದರೆ ಆಗುತ್ತದೆ' ಅಂತ ಬರೆದರೆ ಸಾಲದು. ರಸ್ತೆ ಎಷ್ಟು ಅಗಲ ಇದೆ, ಲಾರಿ ಎಲ್ಲಿ ತಿರುಗಬೇಕು, ಕೊಳಚೆ ನೀರು ಯಾವ ಹಳ್ಳಕ್ಕೆ ಹೋಗುತ್ತದೆ, ಶಾಲೆ ಎಷ್ಟು ದೂರ, ಬೋರ್‌ವೆಲ್ ಎಲ್ಲಿದೆ ಅಂತ ಬರೆಯಿರಿ, ಫೋಟೋ ಲಗತ್ತಿಸಿ. ನೂರು ಜನರ ಸಹಿ ಇರುವ ಒಂದೇ ಸಾಲಿನ ಮನವಿಗಿಂತ ಇಂಥ ಒಂದು ಪುಟವನ್ನು ಪಕ್ಕಕ್ಕೆ ಸರಿಸುವುದು ಕಷ್ಟ.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. 'ಡಿಸಿ ಆಫೀಸಲ್ಲಿ ಅಲಿನೇಷನ್ ಆಗಿದೆ, ಇನ್ನೇನು?' ಅಂತ ಜಮೀನಿನವರು ಹೇಳಬಹುದು. ಅದು 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕೃಷಿ ಜಮೀನನ್ನು ಕೃಷಿಯೇತರ ಮಾಡುವ ಕೆಲಸ. ಮಾಸ್ಟರ್ ಪ್ಲಾನಿನಲ್ಲಿ ಬಳಕೆ ಬದಲಾಯಿಸುವುದು ಬೇರೆ ಕೆಲಸ. ಯಾವ ಉದ್ದೇಶಕ್ಕೆ ಅಲಿನೇಷನ್ ಆಗಿದೆ ಅಂತ ಆದೇಶದ ಪ್ರತಿ ಕೇಳಿ ಓದಿ. ವಸತಿಗೆ ಅಂತ ಇದ್ದರೆ ಫ್ಯಾಕ್ಟರಿಗೆ ಅದು ಸಾಲದು.

ಜಮೀನನ್ನು ಕೆಐಎಡಿಬಿ, ಅಂದರೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ತೆಗೆದುಕೊಳ್ಳುತ್ತಿದ್ದರೆ ದಾರಿಯೇ ಬೇರೆ. ಆ ಮಂಡಳಿಯ 1966ರ ಕಾಯ್ದೆಯಲ್ಲಿ ಸರ್ಕಾರವೇ ಕೈಗಾರಿಕಾ ಪ್ರದೇಶ ಅಂತ ಘೋಷಿಸುತ್ತದೆ. ಅದರ 28(2) ಕಲಂನ ನೋಟಿಸ್ ಹೋಗುವುದು ಜಮೀನಿನ ಮಾಲೀಕರಿಗೆ, ಹಕ್ಕುಳ್ಳವರಿಗೆ. ಅವರಿಗೆ 30 ದಿನ ಸಮಯ. ಪಕ್ಕದ ಮನೆಯವರನ್ನು ಅಲ್ಲಿ ಯಾರೂ ಕರೆದು ಕೇಳುವುದಿಲ್ಲ. ಇದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಹೊಗೆಗೆ ಪಹಣಿಯಲ್ಲಿ ಯಾರ ಹೆಸರಿದೆ ಅಂತ ಗೊತ್ತಿರುವುದಿಲ್ಲ, ಅಲ್ವಾ?

ಯಾವ ದಾರಿಯಲ್ಲಿ ಬಂದರೂ ಬಹುತೇಕ ಫ್ಯಾಕ್ಟರಿಗಳು ಮಾಲಿನ್ಯ ನಿಯಂತ್ರಣ ಮಂಡಳಿಯ ಬಾಗಿಲು ದಾಟಬೇಕು. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ ಎರಡರ ಕೆಳಗೂ ಕಟ್ಟುವ ಮೊದಲು ಒಂದು ಸಮ್ಮತಿ, ನಡೆಸುವ ಮೊದಲು ಇನ್ನೊಂದು. ಕೆಂಪು, ಕಿತ್ತಳೆ, ಹಸಿರು, ಬಿಳಿ ಅಂತ ವರ್ಗಗಳಿವೆ. ಕೆಂಪು ಜಾಸ್ತಿ ಮಾಲಿನ್ಯದ್ದು, ಬಿಳಿ ವರ್ಗಕ್ಕೆ ಈ ಸಮ್ಮತಿಗಳೇ ಬೇಕಿಲ್ಲ. ಹಾಗಾಗಿ 'ಫ್ಯಾಕ್ಟರಿ' ಅಂದ ಕೂಡಲೇ ಗಾಬರಿ ಬೇಡ, ಯಾವ ವರ್ಗ ಅಂತ ಕೇಳಿ. ಗಾರ್ಮೆಂಟ್ಸ್ ಹೊಲಿಗೆ ಘಟಕವೇ ಬೇರೆ, ಬಣ್ಣ ಹಾಕುವ ಘಟಕವೇ ಬೇರೆ.

ತಡೆಯಲು ಆಗದೇ ಹೋದರೂ ಷರತ್ತುಗಳು ನಿಮ್ಮ ಕೈಗೆ ಸಿಗುತ್ತವೆ. ಸಮ್ಮತಿ ಪತ್ರದ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ತೆಗೆಸಿ. ಚಿಮಣಿ ಎತ್ತರ, ನೀರು ಶುದ್ಧ ಮಾಡುವ ವ್ಯವಸ್ಥೆಯಂಥ ವಿವರ ಅದರಲ್ಲೇ ಇರುತ್ತದೆ. ಶಬ್ದಕ್ಕೆ 2000ದ ನಿಯಮಗಳಿವೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಕೈಗಾರಿಕಾ ಪ್ರದೇಶದಲ್ಲಿ 75 ಮತ್ತು 70. ನಿಯಮದ ಪ್ರಕಾರ ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ದೂರು ಕೊಡುವಾಗ ತಾರೀಖು, ಗಂಟೆ ಬರೆದಿಟ್ಟುಕೊಂಡು ಮಂಡಳಿಯ ಪ್ರಾದೇಶಿಕ ಕಚೇರಿಗೇ ಕೊಡಿ.