ಹುಡುಗ ಕಾಣಕೋಣದವನು, ಪಾಸ್‌ಪೋರ್ಟ್ ಪೋರ್ಚುಗಲ್‌ದು: ನನ್ನ ಕೆಲಸ ಬಿಡಬೇಕಾ?

ಪ್ರಶ್ನೆ: ನಮ್ಮದು ಕಾರವಾರದ ಹತ್ತಿರ ಸದಾಶಿವಗಡ. ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ಮದುವೆ ಗೊತ್ತಾಗಿರುವ ಹುಡುಗ ಗೋವಾದ ಕಾಣಕೋಣದವನು. ಮನೆಯಲ್ಲಿ ಅದೇ ಕೊಂಕಣಿ, ಅದೇ ಮೀನು ಸಾರು. ಆದರೆ ಅವನ ಹತ್ತಿರ ಈಗ ಪೋರ್ಚುಗೀಸ್ ಪಾಸ್‌ಪೋರ್ಟ್ ಇದೆ, ಕೆಲಸ ಲಿಸ್ಬನ್‌ನಲ್ಲಿ. ಮದುವೆಯಾದ ಮೇಲೆ ಇಲ್ಲಿನ ಕೆಲಸವನ್ನೇ ಅಲ್ಲಿ ಕೂತು ಮಾಡಬಹುದಾ? ಅಥವಾ ರಾಜೀನಾಮೆ ಕೊಟ್ಟೇ ಹೋಗಬೇಕಾ?

ಈ ಪ್ರಶ್ನೆ ಹೊಸದಲ್ಲ, ಊರು ಮತ್ತು ದೇಶ ಮಾತ್ರ ಬದಲಾಗುತ್ತದೆ. ಶಿರಸಿಯವರು ಅಮೆರಿಕಾ ಅಂತ ಕೇಳುತ್ತಾರೆ, ಭಟ್ಕಳದವರು ದುಬೈ ಅಂತ ಕೇಳುತ್ತಾರೆ. ರಾಜೀನಾಮೆ ಕೊಡಬೇಕು ಅಂತ ಯಾವ ಕಾನೂನೂ ಹೇಳುವುದಿಲ್ಲ. ಮದುವೆಗೂ ನಿಮ್ಮ ಕೆಲಸಕ್ಕೂ ನೇರ ಸಂಬಂಧವೇ ಇಲ್ಲ. ಸಂಬಂಧ ಇರುವುದು ನೀವು ಕೂತ ಕುರ್ಚಿ ಯಾವ ದೇಶದಲ್ಲಿದೆ ಅನ್ನುವುದಕ್ಕೆ. ಸಂಬಳ ಎಲ್ಲಿಂದ ಬರುತ್ತದೆ, ಬಾಸ್ ಎಲ್ಲಿದ್ದಾರೆ, ಇದೆಲ್ಲ ಆಮೇಲೆ. ಎಲ್ಲರೂ ಸಂಬಳದಿಂದ ಶುರು ಮಾಡುತ್ತಾರೆ, ಅಲ್ಲೇ ಎಡವುವುದು.

ಕಾಣಕೋಣದ ಹುಡುಗ ಪರದೇಶದವನು ಅಂದರೆ ನಿಮ್ಮ ಮನೆಯಲ್ಲಿ ನಕ್ಕಿರಬಹುದು. ನನ್ನ ಅಜ್ಜಿ ಇದ್ದಿದ್ದರೆ ನಗುತ್ತಿರಲಿಲ್ಲ. ಆಕೆ ಲೋಲಯೆಯಿಂದ ಮಾಜಾಳಿಗೆ ಮದುವೆಯಾಗಿ ಬಂದವಳು. ತವರು ಅಂದರೆ ನಡೆದು ಹೋಗುವಷ್ಟು ದೂರ, ಆದರೆ ಅದು ಪೋರ್ಚುಗೀಸರ ನೆಲ. 1955ರಲ್ಲಿ ಗೋವಾಕ್ಕೆ ಭಾರತದ ದಿಗ್ಬಂಧನ ಬಂದು ಗಡಿ ಬಿಗಿಯಾದ ಮೇಲೆ, ಅವಳ ಅಣ್ಣನ ಮದುವೆಗೂ ಹೋಗಲಾಗಲಿಲ್ಲವಂತೆ. ಗೋವಾ ಬಿಡುಗಡೆಯಾಗಿದ್ದು 1961ರ ಡಿಸೆಂಬರ್ 19ಕ್ಕೆ. ಅದರ ಹಿಂದಿನ ದಿನ ನಮ್ಮ ಕಾರವಾರದ ಎದುರಿನ ಅಂಜುದೀವ್ ನಡುಗಡ್ಡೆಯನ್ನು ಹಿಡಿಯುವಾಗ ನೌಕಾಪಡೆಯ 7 ಜನ ಸತ್ತರು. ನಿಮ್ಮ ಹುಡುಗನ ಪಾಸ್‌ಪೋರ್ಟ್ ಕೂಡ ಆ ತಾರೀಖಿನಿಂದಲೇ ಹುಟ್ಟಿದ್ದು: ಅದಕ್ಕೂ ಮುಂಚೆ ಗೋವಾದಲ್ಲಿ ಹುಟ್ಟಿದವರು ಪೋರ್ಚುಗಲ್ ಲೆಕ್ಕದಲ್ಲಿ ಅಲ್ಲಿನ ಪ್ರಜೆಗಳು. ಅವರ ಮುಂದಿನ ಪೀಳಿಗೆಗೂ ಅದೇ ಹಕ್ಕಿನ ಎಳೆ ಹಿಡಿದು ಅರ್ಜಿ ಹಾಕುವ ದಾರಿ ಇದೆ.

ಹಾಗಾಗಿ ಜಾತಕಕ್ಕಿಂತ ಮುಂಚೆ ಅವನ ಕಾಗದ ಕೇಳಿ. ಭಾರತದಲ್ಲಿ ಎರಡು ಪೌರತ್ವ ಇಟ್ಟುಕೊಳ್ಳುವ ಹಾಗಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಕಲಂ ಪ್ರಕಾರ ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ತೆಗೆದುಕೊಂಡರೆ ಇಲ್ಲಿನದು ಹೋಯಿತು. ಹಳೆಯ ಭಾರತದ ಪಾಸ್‌ಪೋರ್ಟ್ ಒಪ್ಪಿಸಿದ್ದಾನಾ? ಒಸಿಐ ಕಾರ್ಡ್, ಅಂದರೆ ಭಾರತದ ನಂಟಿರುವ ವಿದೇಶಿ ಪ್ರಜೆಗಳಿಗೆ ಇಲ್ಲಿ ಬಂದು ಇರಲು ಕೊಡುವ ಕಾರ್ಡ್, ಮಾಡಿಸಿದ್ದಾನಾ? ಎರಡೂ ಆಗಿದ್ದರೆ ಅರ್ಧ ತಲೆನೋವು ಕಡಿಮೆ. ಮೊದಲು ಭಾರತೀಯನಾಗಿದ್ದವನಿಗೆ ಒಸಿಐ ಆ ಆಧಾರದಲ್ಲೇ ಸಿಗುತ್ತದೆ. ಹುಟ್ಟಾ ಪರದೇಶಿಯಾಗಿದ್ದರೆ ಕಷ್ಟ: ಹೆಂಡತಿ ಭಾರತೀಯಳು ಅನ್ನುವ ಆಧಾರದಲ್ಲಿ ಕೇಳಲು, ಮದುವೆ ನೋಂದಣಿಯಾಗಿ 2 ವರ್ಷ ಆಗಿರಬೇಕು.

ಇನ್ನು ಮದುವೆ ಎಲ್ಲಿ? ಕಾರವಾರದಲ್ಲಿ ಅಂದರೆ 1954ರ ವಿಶೇಷ ವಿವಾಹ ಕಾಯ್ದೆಯಡಿ ಮಾಡಿಕೊಳ್ಳುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಹೊರದೇಶದ ಕಚೇರಿಗಳಿಗೆ ಅದು ಬೇಗ ಅರ್ಥವಾಗುತ್ತದೆ. ಇಬ್ಬರಲ್ಲಿ ಒಬ್ಬರು ನೋಟೀಸು ಕೊಡುವ ಮುಂಚೆ 30 ದಿನ ಆ ಜಿಲ್ಲೆಯಲ್ಲಿ ವಾಸವಿರಬೇಕು. ನೀವು ಇಲ್ಲೇ ಇದ್ದೀರಿ, ಅದು ಸರಿ. ನೋಟೀಸು ಕೊಟ್ಟ ಮೇಲೆ ತಕರಾರಿಗೆ ಮತ್ತೆ 30 ದಿನ. ನೋಟೀಸು ಕೊಟ್ಟು 3 ತಿಂಗಳೊಳಗೆ ಮದುವೆ ಆಗದಿದ್ದರೆ ಅದು ಸತ್ತ ಹಾಗೆ, ಮೊದಲಿನಿಂದ ಶುರು. ಸಹಿಗೆ 3 ಜನ ಸಾಕ್ಷಿ ಬೇಕು. ಅವನು ಅವಿವಾಹಿತ ಅನ್ನುವ ಪತ್ರವನ್ನು ಪೋರ್ಚುಗಲ್ ಕಡೆಯಿಂದ ತರಬೇಕಾಗುತ್ತದೆ. ಅದಕ್ಕೆ ಈಗಲೇ ಹೇಳಿಬಿಡಿ. ಮತ್ತೆ, ಆ ನೋಟೀಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ. ಜಮೀನಿನ ಕಾಗದಕ್ಕೆ ಬಂದ ನಿಮ್ಮ ಕೇರಿಯವರು ಯಾರಾದರೂ ಓದಿ, ನಿಮ್ಮ ಅಮ್ಮನಿಗಿಂತ ಮುಂಚೆ ನಿಮ್ಮ ಮಾವಶಿಗೆ ಫೋನ್ ಮಾಡುತ್ತಾರೆ. ಆದ್ದರಿಂದ ಮನೆಯಲ್ಲಿ ಮೊದಲೇ ಹೇಳಿ.

ಗೋವಾದಲ್ಲೇ ನೋಂದಣಿ ಅಂದರೆ ಲೆಕ್ಕ ಬೇರೆ. ಅಲ್ಲಿ ಇನ್ನೂ 1867ರ ಪೋರ್ಚುಗೀಸ್ ಸಿವಿಲ್ ಕೋಡ್‌ನ ಕುಟುಂಬ ನಿಯಮ ನಡೆಯುತ್ತದೆ. ಸಿವಿಲ್ ರಿಜಿಸ್ಟ್ರಾರ್ ಹತ್ತಿರ ಎರಡು ಸಲ ಹೋಗಬೇಕು: ಮೊದಲು ಮದುವೆಯಾಗುತ್ತೇವೆ ಅಂತ ಬರೆದುಕೊಡಲು, ಆಮೇಲೆ ಸಹಿಗೆ. ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಗಂಡ ಹೆಂಡತಿಯ ಆಸ್ತಿ ಜಂಟಿ ಅಂತಲೇ ಲೆಕ್ಕ. ನಿಮ್ಮ ಸಂಬಳದ ಉಳಿತಾಯ, ನಿಮ್ಮ ಹೆಸರಲ್ಲಿರುವ ಸೈಟು ಎಲ್ಲ ಸೇರಿ. ಇದು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಹೆಣ್ಣುಮಕ್ಕಳಿಗೆ ಎಷ್ಟೋ ಸಲ ಇದೇ ಕೈಹಿಡಿದಿದೆ. ಆದರೆ ಗೊತ್ತಿಲ್ಲದೆ ಸಹಿ ಹಾಕಬೇಡಿ. ಕರಾರು ಬೇಕಿದ್ದರೆ ಅದು ಮದುವೆಗೆ ಮುಂಚೆಯೇ ಆಗಬೇಕು.

ಪ್ರಮಾಣಪತ್ರ ಬಂದ ಮೇಲೆ ಅದಕ್ಕೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್, ಅಂದರೆ ಕಾಗದ ಹೊರದೇಶದಲ್ಲೂ ನಡೆಯುವ ಹಾಗೆ ಮಾಡುವ ಮುದ್ರೆ, ಹಾಕಿಸಿ. ಭಾರತ 2005ರಲ್ಲಿ ಆ ಮುದ್ರೆ ಒಪ್ಪುವ ದೇಶಗಳ ಒಪ್ಪಂದಕ್ಕೆ ಸೇರಿದೆ, ಪೋರ್ಚುಗಲ್ ಕೂಡ ಅದರಲ್ಲಿದೆ. ಮದುವೆಯನ್ನು ಪೋರ್ಚುಗಲ್‌ನ ದಾಖಲೆಗೂ ಸೇರಿಸಬೇಕು. ಪಣಜಿಯಲ್ಲಿ ಅವರ ದೂತಾವಾಸ ಇರುವುದು ನಿಮ್ಮ ಪುಣ್ಯ, ದಿಲ್ಲಿಗೆ ಓಡಬೇಕಿಲ್ಲ. ಹೆಸರು ಬದಲಿಸಬೇಕಾ ಅಂತ ಮುಂದೆ ಕೇಳುತ್ತೀರಿ, ಗೊತ್ತು. ಬೇಡ. ಕಾನೂನು ಕೇಳುವುದಿಲ್ಲ. ಪಾನ್, ಪಿಎಫ್, ಪಾಸ್‌ಪೋರ್ಟ್, ಕಂಪನಿ ದಾಖಲೆ ಎಲ್ಲದರಲ್ಲೂ ಒಂದೇ ಹೆಸರಿದ್ದರೆ ಮುಂದಿನ ಹತ್ತು ವರ್ಷ ಸುಖ.

ಈಗ ಕುರ್ಚಿಯ ವಿಷಯ. ನನ್ನ ಚಿಕ್ಕಮ್ಮನ ಮಗಳು ಇದೇ ದಾರಿಯಲ್ಲಿ ಹೋದವಳು. ಅವಳ ಮ್ಯಾನೇಜರ್ "ಎಲ್ಲಿಂದಾದರೂ ಮಾಡಮ್ಮ, ಕೆಲಸ ಆದರೆ ಸಾಕು" ಅಂದಿದ್ದರು. ಬಾಯಿಮಾತು. ಲಿಸ್ಬನ್ ಚಳಿಗಾಲದಲ್ಲಿ ನಮಗಿಂತ ಐದೂವರೆ ಗಂಟೆ ಹಿಂದೆ. ಬೆಂಗಳೂರಿನ ಒಂಬತ್ತೂವರೆಯ ಮೀಟಿಂಗ್ ಅಂದರೆ ಅಲ್ಲಿ ಬೆಳಗಿನ ಜಾವ 4 ಗಂಟೆ. ಗಂಡನಿಗೆ ನಿದ್ದೆ ಕೆಡಬಾರದು ಅಂತ ಬಾಗಿಲ ಸಂದಿಗೆ ಟವೆಲ್ ತುರುಕಿ, ಊರಿಂದ ಒಯ್ದ ಪುಡಿಯಿಂದ ಕಷಾಯ ಮಾಡಿಕೊಂಡು, ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆಯುತ್ತಿದ್ದಳು. ನಾಲ್ಕು ತಿಂಗಳು ಹೀಗೇ ನಡೆಯಿತು. ಒಂದು ಮಂಗಳವಾರ ಪಾಸ್‌ವರ್ಡ್ ಹಾಕಿದರೆ ಒಳಗೆ ಬಿಡಲಿಲ್ಲ. ಕಂಪನಿಯ ಭದ್ರತಾ ವಿಭಾಗಕ್ಕೆ ಪೋರ್ಚುಗಲ್‌ನಿಂದ ಲಾಗಿನ್ ಆಗುತ್ತಿರುವುದು ಕಂಡಿತ್ತು. ಮ್ಯಾನೇಜರ್‌ಗೆ ತಾವು ಹೇಳಿದ್ದು ನೆನಪೇ ಇರಲಿಲ್ಲ.

ಸಿಟ್ಟು ಬರುತ್ತದೆ ನಿಜ, ಆದರೆ ಕಂಪನಿಯ ಹೆದರಿಕೆಗೂ ಕಾರಣವಿದೆ. ನೌಕರರು ಇನ್ನೊಂದು ದೇಶದಲ್ಲಿ ಖಾಯಂ ಕೂತು ಕೆಲಸ ಮಾಡಿದರೆ, ಕೆಲವು ಸಂದರ್ಭಗಳಲ್ಲಿ ಕಂಪನಿಗೇ ಅಲ್ಲೊಂದು ನೆಲೆ ಇದೆ ಅಂತ ಅಲ್ಲಿನ ತೆರಿಗೆಯವರು ಹೇಳಬಹುದು. ಗ್ರಾಹಕರ ಡೇಟಾ ದೇಶ ಬಿಟ್ಟು ಹೋಗಬಾರದು ಅನ್ನುವ ಕರಾರು ಇರಬಹುದು. ಪಿಎಫ್ ಇದ್ದ ಹಾಗೆ ಅಲ್ಲೂ ಸಾಮಾಜಿಕ ಭದ್ರತೆಗೆ ಹಣ ಕಟ್ಟಬೇಕಾಗಬಹುದು. ಭಾರತ ಮತ್ತು ಪೋರ್ಚುಗಲ್ ನಡುವೆ ಇದರ ಬಗ್ಗೆ ಒಪ್ಪಂದ ಇದೆ, ಆದರೆ ಅದರ ವಿನಾಯಿತಿ ಕಂಪನಿಯೇ ಕಳಿಸಿದವರಿಗೆ. ಗಂಡನ ಮನೆಗೆ ಹೋದವರನ್ನು "ಕಂಪನಿ ಕಳಿಸಿದೆ" ಅನ್ನಬೇಕಾದರೆ ಕಂಪನಿ ಬರೆದುಕೊಡಬೇಕು. ಅದಕ್ಕೇ ಎಚ್‌ಆರ್‌ನಿಂದ ಒಂದು ಪತ್ರ ಬೇಕು: ಯಾವ ದೇಶ, ಯಾವ ದಿನಾಂಕದಿಂದ, ಎಷ್ಟು ತಿಂಗಳು. ವಾಟ್ಸಾಪ್‌ನ ಹೆಬ್ಬೆರಳು ಪತ್ರವಲ್ಲ.

ವೀಸಾ ಕಡೆ ಬಂದರೆ, ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ) ಪ್ರವಾಸಿ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು, ಅದೂ ತಿರುಗಾಡಲು. ಅದರ ಮೇಲೆ ಕೂತು ದಿನವೂ ಆಫೀಸು ಕೆಲಸ ಮಾಡುವುದು ಸರಿಯಲ್ಲ, ಎಲ್ಲರೂ ಮಾಡುತ್ತಾರೆ ಅಂತ ಯಾರಾದರೂ ಹೇಳಿದರೂ. ಗಂಡ ಪೋರ್ಚುಗಲ್ ಪ್ರಜೆಯಾದ್ದರಿಂದ ನಿಮಗೆ ಕುಟುಂಬದವರ ವಾಸದ ಕಾರ್ಡ್ ಸಿಗುತ್ತದೆ, ಅದರಲ್ಲಿ ಕೆಲಸಕ್ಕೂ ಅವಕಾಶ ಇದೆ. ಹೊರದೇಶದ ಕಂಪನಿಗೆ ದೂರದಿಂದ ಕೆಲಸ ಮಾಡುವವರಿಗೆ ಅಂತಲೇ 2022ರಿಂದ ಒಂದು ವೀಸಾ ಕೂಡ ಇದೆ, ಆದರೆ ಆದಾಯ ಅಲ್ಲಿನ ಕನಿಷ್ಠ ವೇತನದ 4 ಪಟ್ಟು ಇರಬೇಕು. ಗಂಡನ ದಾರಿ ಇರುವಾಗ ನಿಮಗೆ ಅದು ಬೇಕಾಗಲಿಕ್ಕಿಲ್ಲ. ಅಮೆರಿಕಾಕ್ಕೆ ಹೋಗುವ ಶಿರಸಿಯ ಹೆಣ್ಣುಮಕ್ಕಳಿಗೆ ಇಷ್ಟು ಸುಲಭವಿಲ್ಲ. ಎಚ್‌-4 ವೀಸಾದಲ್ಲಿ (ಅಲ್ಲಿ ಕೆಲಸದ ವೀಸಾದಲ್ಲಿರುವವರ ಗಂಡ ಅಥವಾ ಹೆಂಡತಿಗೆ ಕೊಡುವುದು) ಹೋದ ಮಾತ್ರಕ್ಕೆ ಕೆಲಸದ ಅನುಮತಿ ಬರುವುದಿಲ್ಲ, ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿರಬೇಕು.

ತೆರಿಗೆ. 182 ದಿನ ಅನ್ನುವುದು ಎಲ್ಲರಿಗೂ ಬಾಯಿಪಾಠ. ಒಂದು ಹಣಕಾಸು ವರ್ಷದಲ್ಲಿ ಅಷ್ಟು ದಿನ ಇಲ್ಲಿದ್ದರೆ ನೀವು ಇಲ್ಲಿನ ನಿವಾಸಿ. ಹಿಂದಿನ 4 ವರ್ಷದಲ್ಲಿ ಒಟ್ಟು 365 ದಿನ ಇಲ್ಲಿದ್ದವರಿಗೆ ಆ ವರ್ಷ 60 ದಿನ ಇದ್ದರೂ ನಿವಾಸಿ ಅನ್ನುವ ಇನ್ನೊಂದು ಕೊಕ್ಕೆ ಇದೆ, ಅದಕ್ಕೆ ವಿನಾಯಿತಿಗಳೂ ಇವೆ. ಹೊರಡುವ ವರ್ಷದ ಲೆಕ್ಕವನ್ನು ಮಾತ್ರ ಆಡಿಟರ್ ಹತ್ತಿರವೇ ಮಾಡಿಸಿ. ಅತ್ತ ಪೋರ್ಚುಗಲ್‌ನಲ್ಲಿ 12 ತಿಂಗಳಲ್ಲಿ 183 ದಿನಕ್ಕಿಂತ ಜಾಸ್ತಿ ಇದ್ದರೆ ಅವರ ಲೆಕ್ಕದಲ್ಲೂ ನಿವಾಸಿ. ಒಂದೇ ಸಂಬಳಕ್ಕೆ ಎರಡು ಕಡೆ ತೆರಿಗೆ ಕಟ್ಟುವುದು ತಪ್ಪಲಿ ಅಂತ ಎರಡೂ ದೇಶಗಳ ನಡುವೆ ಒಪ್ಪಂದವಿದೆ. ಲೆಕ್ಕ ಕೊಡುವುದು ಮಾತ್ರ ಎರಡೂ ಕಡೆ. ಅಲ್ಲಿ ನೆಲೆಸುವುದು ಖಾಯಂ ಆದರೆ ಇಲ್ಲಿನ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆ ಮಾಡಿಸಿ. ಇದನ್ನು ಬಹಳ ಜನ ವರ್ಷಗಟ್ಟಲೆ ಮಾಡುವುದಿಲ್ಲ.

ಗದ್ದೆ, ತೋಟ ಇರುವ ಮನೆಯವರು ಇದನ್ನು ಗಮನಿಸಿ. ಅನಿವಾಸಿಯಾದ ಮೇಲೆ ಕೃಷಿ ಭೂಮಿ ಕೊಳ್ಳುವ ಹಾಗಿಲ್ಲ, ದಾನವಾಗಿ ಪಡೆಯುವ ಹಾಗೂ ಇಲ್ಲ. ವಾರಸಿನಿಂದ ಬರಬಹುದು. ಅಪ್ಪ "ತೆಂಗಿನ ತೋಟ ನಿನ್ನ ಹೆಸರಿಗೆ ಬರೆದುಬಿಡುತ್ತೇನೆ" ಅಂತ ಈಗ ಹೇಳುತ್ತಿದ್ದರೆ, ಹೊರಡುವ ಮುಂಚೆಯೇ ವಕೀಲರನ್ನು ನೋಡಿ. ಮದುವೆಯಾಗಿ 3 ವರ್ಷ ಆದ ಮೇಲೆ ಪೋರ್ಚುಗಲ್ ಪೌರತ್ವ ಕೇಳಬಹುದು ಅಂತ ಗಂಡನ ಕಡೆಯವರು ಹೇಳುತ್ತಾರೆ, ಹೌದು. ಅದರ ಬೆಲೆ ನಿಮ್ಮ ನೀಲಿ ಪಾಸ್‌ಪೋರ್ಟ್. ಅವಸರ ಬೇಡ.

ಕಾರವಾರದಿಂದ ಬರೆಯುವ ಇನ್ನೊಂದು ಗುಂಪಿಗೂ ಒಂದು ಮಾತು. ನೀವು ಕೇಂದ್ರ ಸರ್ಕಾರದ ನೌಕರರಾಗಿದ್ದರೆ, ಉದಾಹರಣೆಗೆ ನೌಕಾನೆಲೆಯ ನಾಗರಿಕ ಸಿಬ್ಬಂದಿ, 1964ರ ನಡತೆ ನಿಯಮಗಳ 21ನೇ ನಿಯಮ ಓದಿ: ಭಾರತೀಯರಲ್ಲದವರನ್ನು ಮದುವೆಯಾದರೆ ಕೂಡಲೇ ಸರ್ಕಾರಕ್ಕೆ ತಿಳಿಸಬೇಕು. ತಿಳಿಸಬೇಕು ಅಷ್ಟೇ. ಸಮವಸ್ತ್ರದವರಿಗೆ ನಿಯಮ ಇನ್ನೂ ಬಿಗಿ. ಕೈಗಾ ಅಣುಸ್ಥಾವರದವರು ತಮ್ಮ ನಿಗಮದ ನಿಯಮ ನೋಡಿಕೊಳ್ಳಿ. ಒಂದು ಕಾಲದಲ್ಲಿ ವಿದೇಶಾಂಗ ಸೇವೆಯ ಹೆಣ್ಣುಮಕ್ಕಳು ಯಾರನ್ನೇ ಮದುವೆಯಾಗಲು ಲಿಖಿತ ಅನುಮತಿ ಪಡೆಯಬೇಕಿತ್ತು. ಕೊಡಗಿನ ಸಿ.ಬಿ. ಮುತ್ತಮ್ಮ ಕೋರ್ಟಿಗೆ ಹೋದಾಗ, 1979ರಲ್ಲಿ ಸುಪ್ರೀಂ ಕೋರ್ಟ್ ಅಂಥ ನಿಯಮಗಳನ್ನು ಚೆನ್ನಾಗಿ ಝಾಡಿಸಿತು. ಸಂಬಳವಿಲ್ಲದ ರಜೆ ಹಾಕಿ ಹೋಗುತ್ತೇನೆ ಅನ್ನುವವರೂ ಇದ್ದಾರೆ. ಕೇಂದ್ರದ ನಿಯಮದಲ್ಲಿ ಯಾವ ರಜೆಯೂ ಸತತ 5 ವರ್ಷ ಮೀರುವ ಹಾಗಿಲ್ಲ, ಮತ್ತು ಆ ರಜೆಯಲ್ಲಿ ಅಲ್ಲಿ ಬೇರೆ ಕೆಲಸ ಹಿಡಿದರೆ ಇಲ್ಲಿನದಕ್ಕೆ ಕುತ್ತು.

ಯಾರೂ ಕೇಳದ ಪ್ರಶ್ನೆಯನ್ನು ನಾನೇ ಕೇಳುತ್ತೇನೆ. ಅವನು ಇಲ್ಲಿಗೆ ಬಂದರೆ ಆಗಲ್ವಾ? ಒಸಿಐ ಇದ್ದರೆ ಖಾಸಗಿ ಕಂಪನಿಯಲ್ಲಿ ಕೆಲಸ ಮಾಡಲು ಅಡ್ಡಿಯಿಲ್ಲ. ಸರ್ಕಾರಿ ನೌಕರಿ ಮಾತ್ರ ಇಲ್ಲ. ಇದನ್ನು ಒಂದು ಸಲ ಮಾತಿಗೆ ತನ್ನಿ, ಅವನ ಮುಖ ನೋಡಿದರೆ ಬೇರೆ ಎಷ್ಟೋ ವಿಷಯವೂ ತಿಳಿಯುತ್ತದೆ.

ನನ್ನ ಚಿಕ್ಕಮ್ಮನ ಮಗಳ ಕಥೆ ಹೇಳಿ ಮುಗಿಸಲಿಲ್ಲ. ಅವಳು ಮೂರು ವಾರ ಊರಿಗೆ ಬಂದು ಕೂತಳು, ಎಚ್‌ಆರ್ ಜೊತೆ ಜಗಳವಾಡದೆ ಪತ್ರ ಬರೆದಳು. ಕೊನೆಗೆ ನೌಕರಿ ಬಿಟ್ಟು ಅದೇ ಕಂಪನಿಗೆ ಗುತ್ತಿಗೆ ಮೇಲೆ ಕೆಲಸ ಮಾಡುವ ಹಾಗೆ ಆಯಿತು. ಅಲ್ಲೇ ಸ್ವತಂತ್ರ ವೃತ್ತಿಯವಳಾಗಿ ನೋಂದಾಯಿಸಿಕೊಂಡು ಬಿಲ್ ಕಳಿಸುತ್ತಾಳೆ. ಪಿಎಫ್, ಗ್ರಾಚ್ಯುಟಿ, ಸಂಬಳದ ರಜೆ ಎಲ್ಲ ಹೋಯಿತು. ಬೆಳಗಿನ 4 ಗಂಟೆಯ ಮೀಟಿಂಗೂ ಹೋಯಿತು. ನಿಮ್ಮ ಕಂಪನಿ ಪತ್ರ ಕೊಡಲು ಒಪ್ಪದಿದ್ದರೆ ಇದನ್ನೇ ಕೇಳಿ ನೋಡಿ, ಆದರೆ ಸದಾಶಿವಗಡದಲ್ಲಿ ಕೂತಿರುವಾಗಲೇ ಕೇಳಿ. ಹಾಲ್ ಬುಕ್ ಮಾಡುವುದು ಆಮೇಲೆ.