ಮುಟ್ಟು ನಿಂತಿದ್ದು ಓಡಿದ್ದಕ್ಕಲ್ಲ

ದಾವಣಗೆರೆಯ ನನ್ನ ಕ್ಲಿನಿಕ್ಕಿಗೆ ಓಡುವ ಹುಡುಗಿಯರು ಬರುವುದು ಕಾಲುನೋವು ಅಂತ. ಮುಟ್ಟಿನ ಸುದ್ದಿಯನ್ನು ತಾವಾಗಿ ಯಾರೂ ಎತ್ತುವುದಿಲ್ಲ, ನಾನೇ ಕೇಳಬೇಕು. ಕೇಳಿದರೆ ತಾಯಿಯದು ಒಂದು ಉತ್ತರ, ಕೋಚ್‌ದು ಇನ್ನೊಂದು. "ಓಡಿ ಓಡಿ ನಿಂತೇ ಹೋಗೈತ್ರಿ ಮೇಡಂ, ನಾಳೆ ಮಕ್ಕಳಾಗ್ತಾವೋ ಇಲ್ವೋ" ಎಂದು ತಾಯಿ ಕಣ್ಣೀರು ಹಾಕುತ್ತಾರೆ. "ಪ್ರಾಕ್ಟೀಸ್ ಜೋರಾದರೆ ಹಂಗೇ, ಫಿಟ್ ಆಗಿದಾಳೆ ಅಂತ ಅರ್ಥ" ಎಂದು ಕೋಚ್ ಸಮಾಧಾನ ಹೇಳುತ್ತಾರೆ. ಇಬ್ಬರಿಗೂ ಆ ಹುಡುಗಿಯ ಮೇಲೆ ಪ್ರೀತಿಯಿದೆ. ಇಬ್ಬರೂ ಹೇಳುವುದು ತಪ್ಪು.

ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತಾದ್ದರಿಂದ ಬಿಡಿಸಿಯೇ ಹೇಳುತ್ತೇನೆ. ಮುಟ್ಟು ನಿಲ್ಲಿಸುವುದು ಓಟ ಅಲ್ಲ, ಓಟಕ್ಕೆ ತಕ್ಕ ಊಟ ಇಲ್ಲದಿರುವುದು. 45 ಕಿಲೋ ತೂಕದ ಹುಡುಗಿ 10 ಕಿಲೋಮೀಟರ್ ಓಡಿದರೆ ಸುಮಾರು 450 ಕಿಲೋಕ್ಯಾಲೊರಿ ಖರ್ಚು. ತಿಂದದ್ದರಲ್ಲಿ ಆ ಖರ್ಚು ಕಳೆದು ಉಳಿದದ್ದರಲ್ಲಿ ಹೃದಯ, ಮಿದುಳು, ಮೂಳೆ, ಗರ್ಭಕೋಶ ಎಲ್ಲವೂ ನಡೆಯಬೇಕು. ಕೊಬ್ಬು ಬಿಟ್ಟು ಮಿಕ್ಕ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 45 ಕಿಲೋಕ್ಯಾಲೊರಿ ಉಳಿದರೆ ಚೆನ್ನ. 30ಕ್ಕಿಂತ ಕೆಳಗಿಳಿದರೆ ಅನೇಕರಲ್ಲಿ ಹಾರ್ಮೋನು ಏರುಪೇರಾಗುತ್ತದೆ. ಕೈಯಲ್ಲಿ ದುಡ್ಡಿಲ್ಲದ ಮನೆ ಮೊದಲು ಹಬ್ಬ ಬಿಟ್ಟು ಆಮೇಲೆ ಸಂತೆಗೆ ಕೈ ಹಾಕುವಂತೆ, ದೇಹವೂ ಮೊದಲು ಮುಟ್ಟನ್ನು ಬಿಡುತ್ತದೆ, ಆಮೇಲೆ ಮೂಳೆಗೆ ಕೈ ಹಾಕುತ್ತದೆ. ಅಷ್ಟೇ ವ್ಯಾಯಾಮ ಮಾಡಿಸಿ ಹೊಟ್ಟೆತುಂಬ ಊಟ ಕೊಟ್ಟ ಪ್ರಯೋಗಗಳಲ್ಲಿ ಹೆಂಗಸರ ಹಾರ್ಮೋನು ಕದಲಲಿಲ್ಲ. ಗಂಡುಹುಡುಗರಿಗೂ ಇದು ತಪ್ಪಿದ್ದಲ್ಲ. ಅವರಲ್ಲಿ ಕಣ್ಣಿಗೆ ಕಾಣುವ ಗುರುತಿಲ್ಲ, ಅಷ್ಟೇ.

ಜಗಳೂರು ಕಡೆಯ ಒಬ್ಬ ಹುಡುಗಿ, ಪಿಯುಸಿ ಓದುತ್ತಿದ್ದಳು, 1500 ಮೀಟರ್ ಓಟ. ಮೊಣಕಾಲ ಕೆಳಗಿನ ಮೂಳೆಯ ಉದ್ದಕ್ಕೂ ಬೆರಳಿನಿಂದ ಒತ್ತುತ್ತಾ ಬಂದೆ. ಒಂದು ಜಾಗಕ್ಕೆ ಬಂದಾಗ ಸಟಕ್ಕನೆ ಕಾಲು ಎಳೆದುಕೊಂಡಳು. ರಾತ್ರಿಯೂ ನೋವಂತೆ. ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿತ್ತು. ಏನೇನು ತಿಂತೀಯವ್ವಾ ಅಂದೆ. ನಸುಕಿಗೆದ್ದು ಚಹಾ, ಗ್ರೌಂಡು, ಅಲ್ಲಿಂದ ಸೀದಾ ಕಾಲೇಜು, ಹನ್ನೊಂದಕ್ಕೆ ಒಗ್ಗರಣೆ ಮಂಡಕ್ಕಿ, ಮಧ್ಯಾಹ್ನ ಡಬ್ಬಿಯ ಒಂದು ರೊಟ್ಟಿ, ಸಂಜೆ ಮತ್ತೆ ಗ್ರೌಂಡು. ಸಾಲದ್ದಕ್ಕೆ ಮಂಗಳವಾರ, ಶುಕ್ರವಾರ ದುರ್ಗಮ್ಮನ ಹೆಸರಲ್ಲಿ ಒಪ್ಪತ್ತು, ರಾಜ್ಯಮಟ್ಟಕ್ಕೆ ಆಯ್ಕೆಯಾಗಲಿ ಅಂತ. ಕೋಚ್ ಕಷ್ಟದ ಓಟ ಹಾಕುತ್ತಿದ್ದದ್ದೂ ಮಂಗಳವಾರವೇ. ಎಂಟು ತಿಂಗಳಿಂದ ಮುಟ್ಟಿಲ್ಲ. "ಒಳ್ಳೇದೇ ಆತು ಮೇಡಂ, ಗುಡಿಗೆ ಹೋಗಾಕೆ ಅಡ್ಡಿ ಇಲ್ಲ" ಅಂದಳು.

ಅವಳ ಭಕ್ತಿಯನ್ನು ನಾನು ಮುಟ್ಟಲಿಲ್ಲ, ಮುಟ್ಟುವ ಅಧಿಕಾರವೂ ನನಗಿಲ್ಲ. ಹರಕೆ ಬಿಡು ಅನ್ನುವ ಡಾಕ್ಟರ ಹತ್ತಿರ ಹುಡುಗಿ ಎರಡನೇ ಸಲ ಬರುವುದಿಲ್ಲ. ಒಪ್ಪತ್ತನ್ನು ಸೀಸನ್ ಮುಗಿದ ಮೇಲೆ ಇಟ್ಟುಕೊಳ್ಳಬಹುದಾ ಅಂತಷ್ಟೇ ಕೇಳಿದೆ. ಅವಳ ತಾಯಿ ಕುಳಿತಲ್ಲೇ, "ಅವಳ ಹೆಸರಲ್ಲಿ ನಾನೇ ಮಾಡ್ತೀನಿ ಬಿಡ್ರಿ" ಅಂದರು. ಆ ತಾಯಿಗೆ ಕೈ ಮುಗಿದೆ. ರಂಜಾನ್ ಬಗ್ಗೆಯೂ ಕೇಳುತ್ತಾರೆ. 2012ರ ಲಂಡನ್ ಒಲಿಂಪಿಕ್ಸ್ ರಂಜಾನ್ ತಿಂಗಳಲ್ಲೇ ಬಿದ್ದಿತ್ತು. ಬ್ರಿಟನ್ನಿನ ಮೊ ಫರಾ ರೋಜಾ ಮುಂದಕ್ಕೆ ಹಾಕಿಕೊಂಡು 10,000 ಮತ್ತು 5,000 ಮೀಟರ್ ಎರಡರಲ್ಲೂ ಚಿನ್ನ ಗೆದ್ದರು. ನಿಮ್ಮ ಮನೆಯ ಹಿರಿಯರನ್ನು, ಗುರುಗಳನ್ನು ಕೇಳಿ. ನಾನು ಹೇಳಬಲ್ಲದ್ದು ಕ್ಯಾಲೊರಿಯ ಲೆಕ್ಕ ಮಾತ್ರ.

ಓಡಿದರೆ ಹೆಣ್ಣಿನ ಗರ್ಭಕೋಶ ಕೆಡುತ್ತದೆ ಎನ್ನುವುದು ನಮ್ಮ ಹಳ್ಳಿಯ ಅಜ್ಜಿಯರೇ ಹುಟ್ಟಿಸಿದ ಭಯವಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನ 800 ಮೀಟರ್ ಫೈನಲಿನಲ್ಲಿ ಒಂಬತ್ತೂ ಹೆಂಗಸರು ಗುರಿ ಮುಟ್ಟಿದ್ದರು. ಆದರೂ ಕುಸಿದು ಬಿದ್ದರು, ಇದು ಹೆಣ್ಣಿಗಲ್ಲ ಎಂದು ಪತ್ರಿಕೆಗಳು ಬರೆದವು. ಆ ಓಟ ಒಲಿಂಪಿಕ್ಸಿಗೆ ಮರಳಿದ್ದು 1960ರಲ್ಲಿ. ಹೆಂಗಸರಿಗೆ ಮ್ಯಾರಥಾನ್ ಸಿಕ್ಕಿದ್ದು 1984ರಲ್ಲಿ. ಈ ಹೆದರಿಕೆಯಿಂದಲೇ ಇವತ್ತಿಗೂ ನನ್ನೆದುರು ಕುಳಿತ ಅಪ್ಪಂದಿರು "ಓಟ ಬಿಡಿಸಿಬಿಡ್ತೀವಿ" ಅನ್ನುತ್ತಾರೆ. ಬಿಡಿಸಬೇಡಿ, ಉಣ್ಣಿಸಿ. ಬೆಳಗ್ಗೆ ಗ್ರೌಂಡಿಗೆ ಹೋಗುವಾಗ ಎರಡು ಬಾಳೆಹಣ್ಣು, ಓಟ ಮುಗಿದ ಅರ್ಧ ಗಂಟೆಯೊಳಗೆ ಶೇಂಗಾ ಉಂಡೆ, ಹಾಲು, ಆಮೇಲೆ ಮನೆಯ ಮುದ್ದೆ, ರೊಟ್ಟಿ, ಕಾಳುಪಲ್ಯ. ಡಬ್ಬದ ಪುಡಿ ಬೇಡ.

ಕೋಚ್‌ಗಳಿಗೂ ಒಂದು ಮಾತು. ತೂಕ ಇಳಿದರೆ ಟೈಮಿಂಗ್ ಇಳಿಯುತ್ತದೆ ಎನ್ನುವುದು ಕೆಲವು ತಿಂಗಳು ನಿಜದಂತೆ ಕಾಣುತ್ತದೆ, ಅದೇ ಅಪಾಯ. ಅಮೆರಿಕದ ಮೇರಿ ಕೇನ್ 17ನೇ ವಯಸ್ಸಿಗೇ, 2013ರಲ್ಲಿ, ವಿಶ್ವ ಚಾಂಪಿಯನ್‌ಷಿಪ್ಪಿನ 1500 ಮೀಟರ್ ಫೈನಲ್ ಓಡಿದವಳು. ತೆಳ್ಳಗಾಗು, ಇನ್ನೂ ತೆಳ್ಳಗಾಗು ಎಂಬ ಒತ್ತಡದಲ್ಲಿ ಮೂರು ವರ್ಷ ಮುಟ್ಟು ನಿಂತು, ಐದು ಮೂಳೆ ಮುರಿದವು ಎಂದು 2019ರಲ್ಲಿ ಅವಳೇ ಬಹಿರಂಗವಾಗಿ ಹೇಳಿದಳು.

ಮುಟ್ಟು ನಿಲ್ಲಲು ಬೇರೆ ಕಾರಣಗಳೂ ಇವೆ: ಥೈರಾಯ್ಡ್, ಪಿಸಿಓಡಿ ಎನ್ನುವ ಅಂಡಾಶಯದ ಹಾರ್ಮೋನು ತೊಂದರೆ, ಗರ್ಭ. ಹಾಗಾಗಿ ಪರೀಕ್ಷೆ ಮಾಡಿಸದೆ ಇದೇ ಎಂದು ನಾನೂ ಹೇಳುವುದಿಲ್ಲ, ನೀವೂ ತೀರ್ಮಾನಿಸಬೇಡಿ. ಮೆಡಿಕಲ್ ಶಾಪಿನಲ್ಲಿ "ಮುಟ್ಟು ಬರೋ ಮಾತ್ರೆ" ಕೇಳಿ ನುಂಗಿಸುವುದನ್ನಂತೂ ದಯವಿಟ್ಟು ನಿಲ್ಲಿಸಿ. ಮಾತ್ರೆಯಿಂದ ಸ್ರಾವ ಕಂಡರೆ ಊಟದ ಕೊರತೆ ನೀಗಿತು ಅಂತಲ್ಲ, ಒಳಗೆ ಮೂಳೆ ಸವೆಯುತ್ತಲೇ ಇರಬಹುದು. ಮೂರು ತಿಂಗಳು ಮುಟ್ಟಾಗದಿದ್ದರೆ, ಅಥವಾ 15 ತುಂಬಿದರೂ ಮೈನೆರೆಯದಿದ್ದರೆ, ಕಾಲು ನೋಯುವ ತನಕ ಕಾಯದೆ ತೋರಿಸಿ. ಕೋಚ್ ಗಂಡಸು, ಹೇಳಲು ನಾಚಿಕೆ ಎಂದರೆ ಬಾಯಿಬಿಟ್ಟು ಹೇಳುವುದೇ ಬೇಡ, ಟ್ರೈನಿಂಗ್ ಡೈರಿಯಲ್ಲಿ ಟೈಮಿಂಗ್ ಪಕ್ಕದಲ್ಲಿ ಆ ತಾರೀಖನ್ನೂ ಬರೆದಿಡಲಿ.